ನದೀತಳದ ಕೃತಕ ದಿಬ್ಬಗಳು

ದಿಬ್ಬವೆಂಬ ಮಾತು ಕನ್ನಡದಲ್ಲಿ ನೆಲದ ಏರಿಗೂ ಸಮುದ್ರದೊಳಗಣ ಹವಳದ ಸಾಲಿಗೂ ಸಲ್ಲುತ್ತದೆ. ಮೀನುಗಳ ಹಿತಕ್ಕಾಗಿ ನೀರಿನ ತಳದಲ್ಲಿ ಮನುಷ್ಯರು ಒಟ್ಟುವ ಕಲ್ಲುರಾಶಿಯನ್ನು ಕೃತಕ ದಿಬ್ಬವೆನ್ನಬಹುದು. ಗಾಳದ ವಿನೋದವನ್ನು ವೃದ್ಧಿಪಡಿಸುವುದಕ್ಕಾಗಿ ಇಂಥವನ್ನು ಕಟ್ಟುವುದುಂಟು. ಇದರ ಫಲಗಳು ಎರಡು ಬಗೆಯವು. ಚದುರಿದ ಮೀನುಗಳು ಆಸರೆಯನ್ನೂ ಆಹಾರವನ್ನೂ ಅರಸಿ ದಿಬ್ಬದ ಬಳಿ ನೆರೆಯುವುದು ಒಂದು. ಅಲ್ಲಿ ಹೊಸ ಮರಿಗಳು ಹುಟ್ಟಿ ಸಂತತಿ ಬೆಳೆಯುವುದು ಇನ್ನೊಂದು. ಬರಿಯ ನೆರವಿಯಿಂದ ಗಾಳಕ್ಕೆ ಸಿಕ್ಕುವ ಮೀನು ಹೆಚ್ಚೀತೇ ಹೊರತು ನದಿಯ ಮೀನು ಹೆಚ್ಚದು. ಒಂದೆಡೆ ಕೂಡಿದುದನ್ನು ಹಿಡಿಯುವುದು ಸುಲಭವಾದುದರಿಂದ ನದಿಯು ಬೇಗನೆ ಬರಿದಾಗಲೂಬಹುದು. ಆದುದರಿಂದ ಈ ಎರಡನ್ನು ವಿಂಗಡಿಸಿ ನೋಡುವುದು ಅವಶ್ಯಕ.

ಉತ್ತರ ಅಮೆರಿಕಾ ಖಂಡದ ಡೆಟ್ರಾಯಿಟ್ ನದಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ. ಸೇಂಟ್ ಕ್ಲೇರ್ ಸರೋವರದಿಂದ ಈರೀ ಸರೋವರಕ್ಕೆ ಹರಿಯುವ ಈ ನದಿಯ ಉದ್ದ ಸುಮಾರು ೫೧ ಕಿಲೋಮೀಟರು. ಇದರ ಒಂದು ದಡ ಸಂಯುಕ್ತ ಸಂಸ್ಥಾನಗಳದು, ಇನ್ನೊಂದು ಕೆನಡಾ ದೇಶದ್ದು. ಇಲ್ಲಿ ಹಿಂದೆ ಸ್ಟರ್ಜನ್ ಎಂಬ ದೊಡ್ಡ ಮೀನು ಹೇರಳವಾಗಿತ್ತು. ೧೯ನೆಯ ಶತಮಾನದಲ್ಲಿ ಬೆಸ್ತರು ಮೊದಲು ಅದನ್ನು ಬಲೆ ಹರಿಯುವ ಪೀಡೆಯೆಂದು ಕೊಂದರು. ಬಳಿಕ ಅದರ ಮಾಂಸಕ್ಕೂ ಮೊಟ್ಟೆಗೂ ಬೆಲೆ ಬಂದಾಗ ಲಾಭಕ್ಕಾಗಿ ಕೊಂದರು. ಉಳಿದುದಕ್ಕೆ ಹೆರಿಗೆಯ ಮನೆಯೂ ತಪ್ಪಿತು. ದೊಡ್ಡ ಹಡಗುಗಳ ಸಂಚಾರಕ್ಕಾಗಿ ನದಿಯ ಕಲ್ಲುತಳವನ್ನು ಕಡಿದು ಆಳಮಾಡಲಾಯಿತು. ೧೯೧೨ರಲ್ಲಿ ತೆರೆದ ಲಿವಿಂಗ್‌ಸ್ಟನ್ ಕಾಲುವೆಗಾಗಿ ಒಂದು ಭಾಗದಲ್ಲಿ ಒಡ್ಡು ಕಟ್ಟಿ ನೀರನ್ನು ಬತ್ತಿಸಿ, ಒಣತಳದ ಬಂಡೆಯನ್ನೇ ಸೀಳಿದರು.

ಕಲ್ಲು ಹೋದುದರಿಂದ ಮೀನಿಗೆ ಒದಗಿದ ಹಾನಿಯು ಅದರ ಮೊಟ್ಟೆಯ ಸ್ವಭಾವದಿಂದ ಸ್ಪಷ್ಟವಾಗುತ್ತದೆ. ಸ್ಟರ್ಜನ್ ಗೂಡು ಕಟ್ಟುವುದಿಲ್ಲ, ಮೊಟ್ಟೆಯನ್ನು ಕಾಯುವುದೂ ಇಲ್ಲ; ವಸಂತಕಾಲದಲ್ಲಿ ರಭಸವಾದ ಹರಿವಿನಲ್ಲಿ ಚೆಲ್ಲಿಬಿಡುತ್ತದೆ. ಅಂಟುಳ್ಳ ಆ ಮೊಟ್ಟೆಗಳು ಕಲ್ಲಿಗೆ ಹತ್ತಿಕೊಳ್ಳುತ್ತವೆ. ಕಲ್ಲುಗಳ ಸಂದಿನಲ್ಲಿ ಬಿದ್ದುವು ಶತ್ರುಗಳ ಕಣ್ಣಿಗೆ ಮರೆಯಾಗುತ್ತವೆ. ಹರಿಯುವ ನೀರು ಅವಕ್ಕೆ ಪ್ರಾಣವಾಯುವನ್ನು ಒದಗಿಸುತ್ತದೆ. ಒಡೆದು ಬಂದ ಮರಿಯು ತನ್ನ ಒಡಲಿನ ಭಂಡಾರ ಮುಗಿಯುವವರೆಗೆ ಅದೇ ಸಂದಿನಲ್ಲಿ ಅಡಗಿದ್ದು, ಆಮೇಲೆ ಹೊಳೆಯ ಸೆಳವಿನೊಡನೆ ಸಾಗುತ್ತದೆ. ಹೂಳಿನಲ್ಲಿ ಬಿದ್ದ ಮೊಟ್ಟೆಯಾದರೋ ಉಸಿರಿಲ್ಲದೆ ಸಾಯುತ್ತದೆ.

ಈ ತತ್ವವನ್ನನುಸರಿಸಿ ೨೦೦೪ರಲ್ಲಿ ಬೆಲ್ ಐಲ್ ದ್ವೀಪದ ಬಳಿಯಲ್ಲೂ, ೨೦೦೮ರಲ್ಲಿ ಕೆನಡಾ ದೇಶಕ್ಕೆ ಸೇರಿದ ಫೈಟಿಂಗ್ ದ್ವೀಪದ ಬಳಿಯಲ್ಲೂ ಕಲ್ಲಿನ ಹಾಸುಗಳನ್ನು ಹರಡಿದರು. ಎರಡನೆಯದರಲ್ಲಿ ಯಾವ ಕಲ್ಲು ಮೀನಿಗೆ ಒಪ್ಪುವುದೆಂಬುದನ್ನು ಪರೀಕ್ಷಿಸಲು ಒಡೆದ ಸುಣ್ಣಕಲ್ಲು, ಉರುಟುಕಲ್ಲು ಮುಂತಾದುವನ್ನು ಬೇರೆಬೇರೆಯಾಗಿ ಇಟ್ಟರು. ೨೦೦೯ರ ವಸಂತದಲ್ಲಿಯೇ ಅಲ್ಲಿ ಸ್ಟರ್ಜನ್ ಮೊಟ್ಟೆಗಳು ದೊರೆತುವು. ಗಾಳದವರಿಗೆ ಅತಿ ಪ್ರಿಯವಾದ ವಾಲ್‌ಐ ಮೀನೂ ಅಲ್ಲಿ ಮೊಟ್ಟೆಯಿಟ್ಟಿತು. ಆದರೆ ಕಲ್ಲು ಸುರಿದಲ್ಲೆಲ್ಲ ಫಲ ಕಾಣಲಿಲ್ಲ. ಇದೇ ಜಲಮಾರ್ಗದ ಇತರ ಕೆಲವು ದಿಬ್ಬಗಳ ಸಂದುಗಳನ್ನು ಮರಳು ತುಂಬಿತು. ಹರಿವಿನ ವೇಗವನ್ನೂ ಹೂಳಿನ ದಾರಿಯನ್ನೂ ಮೊದಲೇ ಅಳೆದು ಸ್ಥಳವನ್ನು ಆರಿಸಬೇಕೆಂಬುದು ಇದರಿಂದ ಸಿದ್ಧವಾಯಿತು.

ಹೀಗೆ ಇಲ್ಲಿಯ ದಿಬ್ಬವು ಮೀನನ್ನು ಕರೆಯುವ ಬಲೆಯಲ್ಲ, ಕಳೆದುಹೋದ ತೊಟ್ಟಿಲನ್ನು ಮರಳಿ ಕೊಡುವ ಪ್ರಯತ್ನ. ಇದರ ಫಲವಾದರೂ ನಿಧಾನವಾದುದು. ಹೆಣ್ಣು ಸ್ಟರ್ಜನ್ ಪ್ರಾಯಕ್ಕೆ ಬರಲು ಇಪ್ಪತ್ತು ವರ್ಷಗಳಷ್ಟು ಬೇಕಾಗುವುದರಿಂದ, ೨೦೦೯ರಲ್ಲಿ ಹುಟ್ಟಿದ ಮರಿ ತಾನು ಮೊಟ್ಟೆಯಿಡುವುದು ೨೦೩೦ರ ಸುಮಾರಿಗೆ. ಅದುವರೆಗೆ ಗಾಳವನ್ನು ಮಿತಿಯಲ್ಲಿಡದೆ ಕಲ್ಲನ್ನು ಮಾತ್ರ ಹಾಸಿದರೆ, ಒಂದು ಕೈಯಿಂದ ಬಿತ್ತಿ ಇನ್ನೊಂದು ಕೈಯಿಂದ ಮೊಳಕೆಯನ್ನು ಕಿತ್ತಂತಾಗುತ್ತದೆ.