ಹತ್ತು ರೂಪಾಯಿಯ ಷೇರು ಅಗ್ಗವೇ?

2011ರ ಮಾರ್ಚ್. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್‌ಗೆ ಕೊಟ್ಟಿದ್ದ ಸಾಲದ ಒಂದು ಭಾಗವನ್ನು ಬ್ಯಾಂಕುಗಳು ಷೇರಾಗಿ ಪರಿವರ್ತಿಸಿಕೊಂಡವು. ಪೇಟೆಯಲ್ಲಿ 40 ರೂಪಾಯಿ ಆಸುಪಾಸಿನಲ್ಲಿದ್ದ ಷೇರಿಗೆ ಅವು ಒಪ್ಪಿದ ದರ 64.48 ರೂಪಾಯಿ! ಮರುವರ್ಷ ಅಕ್ಟೋಬರ್‌ನಲ್ಲಿ ಕಂಪನಿಯ ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. 2018ರಲ್ಲಿ ಷೇರನ್ನು ವಿನಿಮಯ ಕೇಂದ್ರಗಳ ಪಟ್ಟಿಯಿಂದಲೇ ಕೈಬಿಡಲಾಯಿತು. ಬೆಲೆ ಇಳಿದಂತೆಲ್ಲ ‘ಅಗ್ಗ’ ಎಂದು ಕೊಂಡ ಸಣ್ಣ ಹೂಡಿಕೆದಾರರ ದುಡ್ಡು ಮುಳುಗಿತು.

ಅಪಾಯದ ಸುಳಿವು ಲೆಕ್ಕಪತ್ರದಲ್ಲೇ ಇತ್ತು. ಆರಂಭದಿಂದ ಒಂದು ವರ್ಷವೂ ಕಂಪನಿ ಲಾಭ ಕಂಡಿರಲಿಲ್ಲ. 2010-11ರಲ್ಲಿ ತೋರಿಸಿದ ನಿವ್ವಳ ನಷ್ಟ 1,027 ಕೋಟಿ ರೂಪಾಯಿ. ತೆರಿಗೆಗೆ ಮುಂಚಿನ ನಷ್ಟ ಅದಕ್ಕಿಂತ ನೂರಾರು ಕೋಟಿ ಹೆಚ್ಚು. ‘ಮುಂದೆ ಲಾಭ ಬಂದಾಗ ಇಷ್ಟು ತೆರಿಗೆ ಉಳಿಯುತ್ತದೆ’ ಎಂಬ ಅಂದಾಜನ್ನು ಈಗಲೇ ಜಮೆ ಹಿಡಿದದ್ದರಿಂದ ನಷ್ಟ ತಗ್ಗಿ ಕಂಡಿತು. ಆ ಜಮೆಯಿಂದ ಇಂಧನದ ಬಿಲ್ಲು ಕಟ್ಟಲಾಗದು, ಸಂಬಳ ಕೊಡಲಾಗದು.

ಹಾಗೆಂದು ನಷ್ಟವೇ ರೋಗವಲ್ಲ. 2021ರಲ್ಲಿ ಪೇಟೆಗೆ ಬಂದಾಗ ಜೊಮಾಟೊ ಕೂಡ ನಷ್ಟದಲ್ಲಿತ್ತು. ಆದರೆ ಹೊಸ ಷೇರುಗಳಿಂದ 9,000 ಕೋಟಿ ರೂಪಾಯಿ ಕೈಸೇರಿತ್ತು. 2023ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಅದು 2 ಕೋಟಿ ಲಾಭ ತೋರಿಸಿತು.

ಸಣ್ಣ ಕಂಪನಿಗೆ ಅಂಥ ಗಂಟು ಇರುವುದಿಲ್ಲ. ಆದ್ದರಿಂದ ಮೊದಲು ತೆರೆಯಬೇಕಾದದ್ದು ನಗದು ಹರಿವಿನ ಪಟ್ಟಿ. ಕೈಯಲ್ಲಿ 20 ಕೋಟಿ ಇದ್ದು, ತಿಂಗಳಿಗೆ 2 ಕೋಟಿ ಕರಗುತ್ತಿದ್ದರೆ ಉಳಿದಿರುವುದು ಹತ್ತೇ ತಿಂಗಳು. ವರ್ಷದೊಳಗೆ ತೀರಿಸಬೇಕಾದ ಸಾಲವಿದ್ದರೆ ಅಷ್ಟೂ ಇಲ್ಲ. ಆಮೇಲೆ ಕಂಪನಿ ಹೊಸ ಷೇರು ಹಂಚಿ ಹಣ ತರುತ್ತದೆ, ಹಳೆಯ ಷೇರುದಾರರ ಪಾಲು ತೆಳುವಾಗುತ್ತದೆ.

ಎರಡನೆಯದು, ಲೆಕ್ಕಪರಿಶೋಧಕರ ವರದಿ. ಕಂಪನಿ ವ್ಯವಹಾರ ಮುಂದುವರಿಸಬಲ್ಲದೇ ಎಂಬ ಬಗ್ಗೆ ಅವರು ಸಂಶಯ ಬರೆದಿದ್ದರೆ ಬೇರೆಲ್ಲ ಓದುವುದನ್ನು ಅಲ್ಲಿಗೇ ನಿಲ್ಲಿಸಬಹುದು. ಪ್ರವರ್ತಕರು ತಮ್ಮ ಷೇರುಗಳನ್ನು ಎಷ್ಟು ಅಡವಿಟ್ಟಿದ್ದಾರೆ ಎಂಬುದು ಪ್ರತಿ ಮೂರು ತಿಂಗಳ ಷೇರುದಾರಿಕೆ ಪಟ್ಟಿಯಲ್ಲಿರುತ್ತದೆ. ಬೆಲೆ ಕುಸಿದರೆ ಸಾಲ ಕೊಟ್ಟವರು ಅಡವಿನ ಷೇರು ಮಾರುತ್ತಾರೆ, ಬೆಲೆ ಇನ್ನಷ್ಟು ಜಾರುತ್ತದೆ. ಕಂಪನಿ ದಿವಾಳಿಯಾದರೆ ಬ್ಯಾಂಕು, ನೌಕರರು, ಸರ್ಕಾರ ಎಲ್ಲರ ಬಾಕಿ ತೀರಿದ ಮೇಲಷ್ಟೇ ಸಾಮಾನ್ಯ ಷೇರುದಾರನ ಸರದಿ.

ಮಾರಲು ಹೊರಟಾಗ ಕೊಳ್ಳುವವರು ಸಿಗುತ್ತಾರೆಯೇ ಎಂಬುದೂ ಮುಖ್ಯ. ಲೋವರ್ ಸರ್ಕ್ಯೂಟ್, ಅಂದರೆ ದಿನದ ಇಳಿಕೆಯ ಮಿತಿ ಮುಟ್ಟಿದ ಷೇರಿಗೆ ದಿನಗಟ್ಟಲೆ ಗಿರಾಕಿಯೇ ಇರುವುದಿಲ್ಲ. 2017ರಲ್ಲಿ ಸೆಬಿ ಮತ್ತು ವಿನಿಮಯ ಕೇಂದ್ರಗಳು ತಂದ ಜಿಎಸ್‌ಎಂ ನಿಗಾ ವ್ಯವಸ್ಥೆಯ ಮೇಲಿನ ಹಂತಕ್ಕೇರಿದ ಷೇರುಗಳ ವಹಿವಾಟು ವಾರಕ್ಕೊಂದೇ ದಿನ. ಆ ಪಟ್ಟಿ ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತದೆ. ಆರ್ಡರ್ ಹಾಕುವ ಮುನ್ನ ಅದರಲ್ಲಿ ಕಂಪನಿಯ ಹೆಸರು ಹುಡುಕಲು ಎರಡು ನಿಮಿಷ ಸಾಕು.