ಒಂದು ಅಗುಳು ಸಾಕೆ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಮನೆಯಾಕೆ ಒಂದು ಅಗುಳನ್ನು ಹಿಚುಕಿ ನೋಡುತ್ತಾಳೆ. ನಮ್ಮ ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಕೆಲವರನ್ನು ಕೇಳಿ ಎಲ್ಲರ ಸ್ಥಿತಿಯನ್ನು ಅರಿಯುವ ವಿದ್ಯಾರ್ಥಿ ಸಮೀಕ್ಷೆಗಳಿಗೂ ಇದೇ ನ್ಯಾಯ ಆಧಾರ. ಆದರೆ ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ ಬೆಂದವು, ಮಕ್ಕಳು ಹಾಗಲ್ಲ. ಆದುದರಿಂದ ಎಷ್ಟು ಮಂದಿಯನ್ನು ಕೇಳಬೇಕು, ಯಾರನ್ನು ಕೇಳಬೇಕು ಎಂಬ ಎರಡು ಪ್ರಶ್ನೆಗಳು ಏಳುತ್ತವೆ.

ಈ ಪಾಠವನ್ನು ನಾನು ತಪ್ಪು ಮಾಡಿ ಕಲಿತೆನು. ರಾಜಾಜಿನಗರದ ಪ್ರೌಢಶಾಲೆಯೊಂದರಲ್ಲಿ, ಸಂಜೆ ಓದುವ ಮಕ್ಕಳಿಗಾಗಿ ಒಂದು ಕೊಠಡಿಯನ್ನು ತೆರೆದಿಡಬೇಕೆ ಎಂಬ ವಿಚಾರ ಬಂದಿತು. ನಾನು ಮುಂದಿನ ಬೆಂಚಿನ ಹತ್ತು ಮಂದಿಯನ್ನು ಕೇಳಿದೆನು. ಒಂಬತ್ತು ಮಂದಿ ಮನೆಯಲ್ಲಿಯೇ ಓದಲು ಸ್ಥಳವಿದೆಯೆಂದರು. ಕೊಠಡಿ ಬೇಕಿಲ್ಲವೆಂದು ಬರೆದುಕೊಟ್ಟೆನು. ಮರುದಿನ ಕಾಮಾಕ್ಷಿಪಾಳ್ಯದ ಕಡೆಯಿಂದ ಬರುವ ಹುಡುಗನೊಬ್ಬನು, "ಸಾರ್, ನಮ್ಮನ್ನು ಯಾಕೆ ಕೇಳಲಿಲ್ಲ?" ಎಂದನು. ಅವನದು ಕಾರ್ಖಾನೆಯ ಶೆಡ್ಡಿಗೆ ಅಂಟಿಕೊಂಡ ಒಂದೇ ಕೋಣೆಯ ಮನೆ. ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲು ಎಣಿಕೆಯ ಮಾತು. ಸಾವಿರಾರು ಮಕ್ಕಳಲ್ಲಿ ಸರಿಯಾಗಿ ಅರ್ಧದಷ್ಟು ಮಂದಿಗೆ ಓದಲು ಸ್ಥಳವಿದೆ ಎನ್ನೋಣ. ಚೀಟಿ ಎತ್ತಿ 100 ಮಂದಿಯನ್ನು ಆರಿಸಿ ಕೇಳಿದರೆ, ಇಂತಹ ಇಪ್ಪತ್ತು ಪ್ರಯತ್ನಗಳಲ್ಲಿ ಸುಮಾರು ಹತ್ತೊಂಬತ್ತರಲ್ಲಿ ಉತ್ತರವು ನೂರಕ್ಕೆ 40ರಿಂದ 60ರೊಳಗೆ ಬರುತ್ತದೆ. ಅಂದರೆ ಹತ್ತರಷ್ಟು ಆಚೀಚೆ. 25 ಮಂದಿಯಾದರೆ ಇಪ್ಪತ್ತರಷ್ಟು, 400 ಆದರೆ ಐದರಷ್ಟು, 1,600 ಆದರೆ ಎರಡೂವರೆಯಷ್ಟು. ತಪ್ಪನ್ನು ಅರ್ಧಕ್ಕಿಳಿಸಲು ಮಾದರಿಯನ್ನು ನಾಲ್ಕು ಪಟ್ಟು ಮಾಡಬೇಕು. ಆದ್ದರಿಂದ ಹತ್ತು ಮಂದಿಯ ಉತ್ತರ ಬರಿಯ ಊಹೆಯೇ ಸರಿ. ಇನ್ನೊಂದು ಸೋಜಿಗ: 400 ಮಂದಿಯ ಮಾದರಿ ವಿಜಯನಗರದ ಮಕ್ಕಳ ವಿಷಯದಲ್ಲಿ ಎಷ್ಟು ನಿಖರವೋ, ಇಡೀ ಕರ್ನಾಟಕದ ವಿಷಯದಲ್ಲಿಯೂ ಹೆಚ್ಚುಕಡಮೆ ಅಷ್ಟೇ ನಿಖರ. ಹಂಡೆ ದೊಡ್ಡದಾಯಿತೆಂದು ಸಾರಿನ ರುಚಿ ನೋಡಲು ದೊಡ್ಡ ಸೌಟು ಬೇಡ. ಚೆನ್ನಾಗಿ ಕಲಕಿದ್ದರೆ ಸಾಕು.

ಕಲಕದಿದ್ದರೆ ಎಣಿಕೆ ಕೈಹಿಡಿಯದು. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆಗೆ ಸುಮಾರು 24 ಲಕ್ಷ ಮಂದಿ ಉತ್ತರ ಬರೆದರು. ಅಧ್ಯಕ್ಷ ಪದವಿಗೆ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆಯು ಹೆಸರುಗಳನ್ನು ಬಹುಮಟ್ಟಿಗೆ ಟೆಲಿಫೋನು, ಮೋಟಾರುಗಳ ಪಟ್ಟಿಯಿಂದ ತೆಗೆದಿತ್ತು. ಉತ್ತರಿಸಲು ಮನಸ್ಸು ಮಾಡಿದವರೂ ಕೆಲವರೇ. ಅದೂ ಒಂದು ಬಗೆಯ ಮುಂದಿನ ಬೆಂಚು.

ನಮ್ಮ ದೇಶದಲ್ಲಿ 2005ರಲ್ಲಿ ಪ್ರಥಮ್ ಸಂಸ್ಥೆ ಆರಂಭಿಸಿದ 'ಅಸರ್' ಸಮೀಕ್ಷೆಯು ಗ್ರಾಮಾಂತರ ಮಕ್ಕಳ ಓದು, ಲೆಕ್ಕಗಳನ್ನು ಪರೀಕ್ಷಿಸುತ್ತದೆ. ಅದರ ಸಾಮಾನ್ಯ ಕ್ರಮದಲ್ಲಿ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ, ಒಟ್ಟು 600. ಒಂದೇ ಊರಿನಲ್ಲಿ 600 ಮನೆಗಳನ್ನು ಸುತ್ತುವುದು ಸುಲಭ. ಆದರೆ ಒಂದು ಊರಿನವರು, ಒಂದು ಶಾಲೆಯವರು ಬಹುಪಾಲು ಒಬ್ಬರಂತೆ ಒಬ್ಬರು. ಹಂಚಿ ಆರಿಸಿದರೆ ಮಾತ್ರ ಜಿಲ್ಲೆಯ ಚಿತ್ರ ಸಿಕ್ಕೀತು. ಅದು ಹಳ್ಳಿಗಳ ಚಿತ್ರ; ಅದರಿಂದ ಬಸವೇಶ್ವರನಗರದ ಮಕ್ಕಳನ್ನು ಅಳೆಯಲಾಗದು.

ಮುಂದೆ ನಾನು ಎಲ್ಲ ತರಗತಿಗಳ ಹಾಜರಿ ಪುಸ್ತಕಗಳನ್ನು ತರಿಸಿ, ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ ಎತ್ತಿದೆನು. ಗೈರುಹಾಜರಾದವರನ್ನು ಬಿಡದೆ ಅವರು ಬಂದ ದಿನ ಕೇಳಿದೆನು. ಹಳೆಯ ವರದಿಯನ್ನು ಹರಿದು ಬೇರೊಂದನ್ನು ಬರೆಯಬೇಕಾಯಿತು. ಆ ಕೊಠಡಿಯ ಬಾಗಿಲು ತೆರೆಯಿತು. ಸಮೀಕ್ಷೆಯ ಅಂಕಿಯನ್ನು ಕಂಡಾಗ, ಎಷ್ಟು ಮಂದಿಯನ್ನು ಕೇಳಿದರೆಂದು ವಿಚಾರಿಸಿರಿ. ಯಾರನ್ನು ಕೇಳಲಿಲ್ಲವೆಂಬುದನ್ನು ಅದಕ್ಕಿಂತ ಮೊದಲು ವಿಚಾರಿಸಿರಿ.