ಯಂತ್ರಕಲಿಕೆಯ ವೇದಿಕೆ: ಅದರ ಅಂಗಗಳೂ ನೆಲೆಯೂ

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯು ಶಿವಗಂಗೆಯ ಬೆಟ್ಟದಿಂದ ಪ್ರಸಿದ್ಧವಾದುದು. ಗಂಗರ ಮಾನ್ಯಪುರವೆನಿಸಿದ ಮಣ್ಣೆಯೂ ಇದೇ ತಾಲ್ಲೂಕಿನದು. ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇಂತಹ ಶಾಸನಗಳನ್ನು ಯಂತ್ರದಿಂದ ಓದಿಸಬೇಕೆಂದು ವಿದ್ವಾಂಸರು ಬಯಸಿದರೆ, ಅದಕ್ಕೆ ಸಾಧನವಾದ ಯಂತ್ರಕಲಿಕೆಯ ವೇದಿಕೆಯ ಅಂಗಗಳಾವುವು, ಅದನ್ನು ಎಲ್ಲಿ ನೆಲೆಗೊಳಿಸತಕ್ಕದ್ದು ಎಂಬೆರಡು ವಿಷಯಗಳನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆನು.

ವೇದಿಕೆಯೆಂಬುದು ಪಾಠಶಾಲೆಯಂತೆ ಹಲವು ಅಂಗಗಳ ಕೂಟ. ಮೊದಲನೆಯದು ಭಂಡಾರ: ಶಾಸನಗಳ ಪಡಿಯಚ್ಚುಗಳೂ ಪಂಡಿತರು ನಿರ್ಣಯಿಸಿದ ಶುದ್ಧಪಾಠಗಳೂ ಇಲ್ಲಿರುವುವು. ಎರಡನೆಯದು ಅಭ್ಯಾಸ: ಯಂತ್ರವು ಪ್ರತಿಯೊಂದು ಉದಾಹರಣೆಯನ್ನೂ ಓದಿ, ತಪ್ಪಿದಲ್ಲೆಲ್ಲ ತನ್ನೊಳಗಿನ ಅಂಕಿಗಳನ್ನು ತಿದ್ದಿಕೊಳ್ಳುವುದು, ಹೀಗೆ ಅಣಿಗೊಂಡ ಅಂಕಿಗಳ ಸಮುದಾಯಕ್ಕೇ ಮಾಡೆಲ್ ಎಂದು ಹೆಸರು. ಮೂರನೆಯದು ಪರೀಕ್ಷೆ: ಹಿಂದೆ ಕಾಣದ ಪಂಕ್ತಿಗಳನ್ನು ಓದಿಸಿ ನೋಡುವುದು. ನಾಲ್ಕನೆಯದು ದಾಖಲೆ: ಯಾವ ಪಾಠದಿಂದ ಯಾವ ಮಾಡೆಲ್ ಹುಟ್ಟಿತೆಂಬುದನ್ನು ಬರೆದಿಡುವುದು, 2018ರಲ್ಲಿ ಹೊರಬಂದ ಎಂಎಲ್‌ಫ್ಲೋ ಈ ಕಾರ್ಯಕ್ಕೆ ಹೆಸರಾದುದು. ಐದನೆಯದು ಸೇವೆ: ಓದುಗರು ಕಳುಹಿಸಿದ ಚಿತ್ರಕ್ಕೆ ಉತ್ತರ ಕೊಡುವುದು. ಇವೆಲ್ಲವನ್ನೂ ಅನೇಕ ಕಂಪ್ಯೂಟರುಗಳ ಮೇಲೆ ಒಂದುಗೂಡಿಸುವ ಕ್ಯೂಬ್‌ಫ್ಲೋ ಎಂಬ ವ್ಯವಸ್ಥೆಯನ್ನು ಗೂಗಲ್ಲಿನವರು 2017ರಲ್ಲಿ ಪ್ರಕಟಿಸಿದರು.

ಈ ಐದರಲ್ಲಿ ನಮಗೆ ಮುಖ್ಯವಾದುದು ಪರೀಕ್ಷೆ. ಹಳಗನ್ನಡದಲ್ಲಿ ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು. ಹೊಸಗನ್ನಡವನ್ನು ಮಾತ್ರ ಕಲಿತ ಯಂತ್ರವು ಱಕಾರವನ್ನು ರೇಫವೆಂದೇ ಓದಿದರೆ ಅರ್ಥವೇ ಕೆಡುವುದು. ಪರೀಕ್ಷೆಯ ಪಂಕ್ತಿಗಳಲ್ಲಿ ಱ, ೞಗಳಿಲ್ಲದಿದ್ದರೆ ಆ ದೋಷವು ಯಾರ ಕಣ್ಣಿಗೂ ಬೀಳದೆ ‘ಶುದ್ಧಪಾಠ’ವೆಂದು ಹರಡುವುದು.

ಇನ್ನು ನೆಲೆಯ ವಿಚಾರ. ಮೊದಲನೆಯ ಮಾರ್ಗ ಬಾಡಿಗೆಯ ಕ್ಲೌಡ್. ಅಮೆಜಾನಿನ ಇಂತಹ ಕೇಂದ್ರಗಳು ಮುಂಬಯಿಯಲ್ಲಿ 2016ರಲ್ಲಿಯೂ ಹೈದರಾಬಾದಿನಲ್ಲಿ 2022ರಲ್ಲಿಯೂ ತೆರೆದುವು. ಬಳಸಿದಷ್ಟಕ್ಕೆ ಹಣ ಕೊಟ್ಟರೆ ಸಾಕು. ಆದರೆ ಭಂಡಾರವು ಪರರ ಮನೆಯಲ್ಲಿರುವುದು. ಎರಡನೆಯದು ಸ್ವಂತ ಯಂತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗವು ಇದಕ್ಕೆ ದೊಡ್ಡ ನಿದರ್ಶನ. ಇಲ್ಲಿ ಒಡೆತನ ಪೂರ್ಣ. ವಿದ್ಯುತ್ತು, ತಂಪು, ರಕ್ಷಣೆಗಳ ಹೊಣೆಯೂ ಪೂರ್ಣ. ಮೂರನೆಯದು ಮಿಶ್ರಮಾರ್ಗ: ಅಭ್ಯಾಸವನ್ನು ಬಾಡಿಗೆಯ ಯಂತ್ರದಲ್ಲಿ ಮುಗಿಸಿ, ಕಿರಿದುಗೊಳಿಸಿದ ಮಾಡೆಲನ್ನು ಪಾಠಶಾಲೆಯ ಕಂಪ್ಯೂಟರಿಗೋ ಮೊಬೈಲಿಗೋ ಇಳಿಸುವುದು. ಆಗ ಇಂಟರ್ನೆಟ್ಟಿಲ್ಲದ ಬೆಟ್ಟದ ತಪ್ಪಲಿನಲ್ಲಿಯೂ ಶಾಸನವನ್ನು ಓದಿಸಬಹುದು.

ಸಣ್ಣ ಸಂಸ್ಥೆಗಳಿಗೆ ಈ ಮೂರನೆಯದೇ ಯುಕ್ತವೆಂದು ತೋರುತ್ತದೆ. ಆದರೆ ಒಂದು ನಿಯಮ ಅವಶ್ಯ. ಸೇವೆಯನ್ನಷ್ಟೆ ಕೊಂಡು ಮಾಡೆಲನ್ನು ಪಡೆಯದಿದ್ದರೆ, ಬಾಡಿಗೆ ನಿಂತ ದಿನವೇ ಓದುವ ಶಕ್ತಿಯೂ ನಿಲ್ಲುವುದು. ಮೇಲೆ ಹೇಳಿದ ಎರಡು ಸಾಧನಗಳೂ ಮುಕ್ತ ಪರವಾನಗಿಯವಾದ ಕಾರಣ, ಅವುಗಳಲ್ಲಿ ಕಟ್ಟಿದ ವ್ಯವಸ್ಥೆಯನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗಿಸಲು ಸಾಧ್ಯ. ಆದಕಾರಣ ಅಭ್ಯಾಸವು ಎಲ್ಲಿಯೇ ನಡೆಯಲಿ, ಭಂಡಾರ, ಪರೀಕ್ಷೆ, ಮಾಡೆಲ್ ಈ ಮೂರೂ ಪಾಠವನ್ನು ಬಲ್ಲವರ ಕೈಯಲ್ಲಿ ಉಳಿಯತಕ್ಕದ್ದು.